ಕಂಪ್ಯೂಟರ್ ಕೆಟ್ಟರೂ ಲೆಕ್ಕ ಉಳಿಸಿಕೊಳ್ಳಬಹುದು

ಕಂಪ್ಯೂಟರ್ ಚಾಲೂ ಆಗದಿದ್ದರೆ ಅದರೊಳಗಿನ ಲೆಕ್ಕವೂ ಹೋಯಿತು ಅಂತ ನಮ್ಮ ಸುರಪುರ ಕಡೆ ಬಹಳ ಮಂದಿ ತಿಳಿದಾರ. ಹಾಗಲ್ಲ. ಮನೆ ಬಿದ್ದರೂ ಹಗೇವಿನೊಳಗಿನ ಜೋಳ ಇರತದ. ಹಾರ್ಡ್ ಡಿಸ್ಕ್ ಅಂದರೆ ಆ ಹಗೇವು. ಎಷ್ಟೋ ಸಲ ಕೆಟ್ಟಿರುವುದು ಕರೆಂಟ್ ಕೊಡುವ ಎಸ್‌ಎಂಪಿಎಸ್, ಇಲ್ಲವೇ ಮದರ್‌ಬೋರ್ಡ್.

ನಮ್ಮ ಬೀಜದ ಸಂಘದ ಹಳೆ ಕಂಪ್ಯೂಟರ್ ಹೀಗೇ ನಿಂತಿತು. ಹನ್ನೆರಡು ವರ್ಷದ ಮಳೆ ಲೆಕ್ಕ, ಯಾರಿಗೆ ಎಷ್ಟು ತೊಗರಿ ಬೀಜ ಕೊಟ್ಟದ್ದು, ಯಾರು ವಾಪಸ್ ಅಳೆದದ್ದು, ಎಲ್ಲಾ ಅದರಾಗೇ ಇತ್ತು. ಗುಜರಿಯವ ತೂಕಕ್ಕೆ ಕೇಳುತ್ತಿದ್ದ. ಡಿಸ್ಕ್ ತೆಗೆದು ಬೇರೆ ಕಂಪ್ಯೂಟರಿಗೆ ಜೋಡಿಸಿದೆವು, ಎಲ್ಲಾ ಸಿಕ್ಕಿತು.

ಮೊದಲು ವೈರ್ ಕಿತ್ತಿಟ್ಟು, ಪೆಟ್ಟಿಗೆಯ ತಗಡು ಮುಟ್ಟಿ ಆಮೇಲೆ ಡಿಸ್ಕಿಗೆ ಕೈ ಹಾಕ್ರಿ. ಬ್ಯಾಸಗಿಯ ಒಣ ಹವೆಗೆ ಮೈಯಾಗಿನ ಕರೆಂಟ್ ಕಿಡಿಯಷ್ಟೇ ಸಾಕು, ಬೋರ್ಡ್ ಸುಡಲಿಕ್ಕೆ. ಅಗಲ ಪಟ್ಟಿ ವೈರಿದ್ದರೆ ಅದು ಹಳೆ ಐಡಿಇ ಡಿಸ್ಕ್, ಸಣ್ಣ ವೈರಿದ್ದರೆ ಸಾಟಾ. ಎರಡನ್ನೂ ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್ ಸಿಗತದ. ಲ್ಯಾಪ್‌ಟಾಪಿನ ಎರಡೂವರೆ ಇಂಚಿನ ಸಾಟಾ ಡಿಸ್ಕ್ ಸಾಮಾನ್ಯವಾಗಿ ಯುಎಸ್‌ಬಿ ಕರೆಂಟಿನ ಮ್ಯಾಲೇ ನಡೀತದ. ದೊಡ್ಡ ಪೆಟ್ಟಿಗೆಯ ಮೂರೂವರೆ ಇಂಚಿನದಕ್ಕೆ 12 ವೋಲ್ಟಿನ ಬೇರೆ ಕರೆಂಟ್ ಬೇಕು. ಅಂಗಡಿಯಲ್ಲಿ ಇದನ್ನು ಕೇಳಿಯೇ ತರಬೇಕು.

ಹಳೆ ಡಿಸ್ಕಿನಿಂದಲೇ ಹೊಸ ಕಂಪ್ಯೂಟರ್ ಚಾಲೂ ಮಾಡಲು ಹೋಗಬ್ಯಾಡ್ರಿ. ಅದರೊಳಗಿನ ವಿಂಡೋಸ್ ಹಳೆ ಬೋರ್ಡಿಗೆ ಹೊಂದಿಕೊಂಡದ್ದು, ನೀಲಿ ಪರದೆ ಬಂದು ನಿಲ್ಲಬಹುದು. ಎರಡನೇ ಡಿಸ್ಕಾಗಿ ಹಚ್ಚಿ ಬೇಕಾದ್ದನ್ನು ಕಾಪಿ ಮಾಡಿಕೊಂಡರೆ ಸಾಕು. ಎಕ್ಸ್‌ಪಿ ಇದ್ದದ್ದಾದರೆ ಕಡತಗಳು ‘ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್’ ಫೋಲ್ಡರಿನೊಳಗೆ ಇರತಾವ. ಡೆಸ್ಕ್‌ಟಾಪ್ ಮ್ಯಾಲಿಟ್ಟದ್ದೂ ಅಲ್ಲೇ.

‘ಫಾರ್ಮ್ಯಾಟ್ ಮಾಡಲೇ’ ಅಂತ ಕಂಪ್ಯೂಟರ್ ಕೇಳಿದರೆ ಬ್ಯಾಡ ಅನ್ರಿ. ಒಪ್ಪಿದರೆ ಹಗೇವಿಗೆ ನೀರು ಬಿಟ್ಟಂಗ. ಡಿಸ್ಕ್ ಟಿಕ್ ಟಿಕ್ ಸಪ್ಪಳ ಮಾಡಿದರೆ ತಕ್ಷಣ ಬಂದ್ ಮಾಡಿ ತಿಳಿದವರ ಹತ್ತಿರ ಒಯ್ಯಿರಿ. ಅದರ ಮುಚ್ಚಳ ಬಿಚ್ಚಬಾರದು. ಒಂದು ಧೂಳಿನ ಕಣ ಸಹ ಒಳಗಿನ ತಟ್ಟೆಗೆ ವೈರಿ.

ಈಚಿನ ಕಂಪ್ಯೂಟರುಗಳಲ್ಲಿ ಇನ್ನೊಂದು ತೊಡಕು ಅದ. ಬಿಟ್‌ಲಾಕರ್ ಬೀಗ ಬಿದ್ದಿದ್ದರೆ 48 ಅಂಕಿಯ ಕೀಲಿ ಇಲ್ಲದೆ ಡಿಸ್ಕ್ ಬೇರೆಡೆ ತೆರೆಯಂಗಿಲ್ಲ. ಕಂಪ್ಯೂಟರ್ ನೆಟ್ಟಗಿರುವಾಗಲೇ ಅದನ್ನು ಬರೆದಿಟ್ಟುಕೊಳ್ಳಬೇಕು.

ಕಾಪಿ ಆದ ಮ್ಯಾಲೆ ಕನ್ನಡದ ಕಡತ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣಬಹುದು. ಲೆಕ್ಕ ಕೆಟ್ಟಿತು ಅಂತ ಅಳಿಸಬ್ಯಾಡ್ರಿ! ಹಳೆ ನುಡಿ, ಬರಹ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಜಾಗದಾಗೇ ಕುಂತಿದ್ದವು. ಕನ್ನಡ ಗಣಕ ಪರಿಷತ್ತಿನ ನುಡಿ, 1998ರಲ್ಲಿ ಬಂದ ಬರಹ, ಇವುಗಳಲ್ಲಿ ಯಾವುದರಲ್ಲಿ ಬರೆದಿದ್ದಿರೋ ಆ ಫಾಂಟ್ ಹಾಕಿದರೆ ಕನ್ನಡ ಮತ್ತೆ ಕಾಣತದ. ಹಳೆ ಡಿಸ್ಕಿನ ವಿಂಡೋಸ್ ಫೋಲ್ಡರಿನ ‘ಫಾಂಟ್ಸ್’ ಒಳಗೇ ಅದು ಸಿಗಬಹುದು. ಮುಂದೆ ತೊಂದರೆ ಬ್ಯಾಡ ಅಂದರೆ ಪರಿವರ್ತಕದಿಂದ ಯುನಿಕೋಡಿಗೆ ಬದಲಿಸಿಡ್ರಿ. ಬದಲಿಸಿದ್ದನ್ನು ಒಮ್ಮೆ ಓದಿ ನೋಡಬೇಕು, ಒತ್ತಕ್ಷರ ಅಲ್ಲಲ್ಲಿ ಎಡವತಾವ.

ಪೆನ್‌ಡ್ರೈವಿನಲ್ಲಿ ಇನ್ನೊಂದು ನಕಲು ತೆಗೆದು ಬೇರೆಯವರ ಮನೆಯಲ್ಲಿಟ್ಟೇವಿ. ಗುಜರಿಗೆ ಹೋದದ್ದು ಬರೇ ಪೆಟ್ಟಿಗೆ. ಡಿಸ್ಕಿನೊಳಗೆ ಸದಸ್ಯರ ಆಧಾರ್, ಪಾಸ್‌ಬುಕ್ ನಕಲೆಲ್ಲ ಇದ್ದವು, ಅದನ್ನು ಕೊಡಲಿಲ್ಲ.