ಕಡಲಾಚೆಯ ಕೇಡು, ತವರಿನ ನ್ಯಾಯಾಸನ

ಪರದೇಶದಲ್ಲಿ ಗಣಿಯನ್ನೋ ಕಾರ್ಖಾನೆಯನ್ನೋ ನಡೆಸುವ ಕಂಪನಿಯು ಅಲ್ಲಿಯ ಜನರ ನೀರನ್ನು ಕೆಡಿಸಿದರೂ ಪ್ರಾಣವನ್ನೇ ಹರಣಮಾಡಿದರೂ, ಅದರ ವಿಚಾರಣೆಯು ಕೇಡು ಸಂಭವಿಸಿದ ನೆಲದಲ್ಲಿಯೇ ನಡೆಯತಕ್ಕದ್ದೆಂಬ ನಂಬುಗೆ ನಮ್ಮಲ್ಲಿ ಬೇರೂರಿರುವುದಕ್ಕೆ ಭೋಪಾಲದ ಅನುಭವವೇ ಕಾರಣವಾಗಿದ್ದೀತು. 1984ರ ಡಿಸೆಂಬರಿನ ವಿಷಾನಿಲದಿಂದ ನೊಂದವರ ಪರವಾಗಿ ಭಾರತ ಸರ್ಕಾರವೇ ಅಮೆರಿಕದ ನ್ಯಾಯಾಲಯವನ್ನು ಮೊರೆಹೊಕ್ಕು, ಇಂತಹ ವ್ಯಾಜ್ಯವನ್ನು ನಿರ್ವಹಿಸುವ ಸಾಮರ್ಥ್ಯ ತನ್ನ ನ್ಯಾಯಾಲಯಗಳಿಗೆ ಸಾಲದೆಂದು ತಾನೇ ವಾದಿಸಿತು. ಸ್ವತಂತ್ರ ರಾಷ್ಟ್ರಕ್ಕೆ ಒದಗಬಾರದ ದೈನ್ಯವದು! 1986ರಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶರು ಆ ವಾದವನ್ನು ಒಪ್ಪದೆ ವ್ಯಾಜ್ಯವನ್ನು ಭಾರತಕ್ಕೇ ಕಳುಹಿದರು. 1989ರಲ್ಲಿ, ವಿಷಾನಿಲ ಸೋರಿದ ಕಾರ್ಖಾನೆಯ ಅಮೆರಿಕದ ಮಾತೃಸಂಸ್ಥೆಯಾದ ಯೂನಿಯನ್ ಕಾರ್ಬೈಡ್ 47 ಕೋಟಿ ಡಾಲರು ತೆತ್ತು ರಾಜಿ ಮಾಡಿಕೊಂಡಿತು.

ಆದರೆ ಅದು ಒಂದು ನ್ಯಾಯಾಲಯದ ವಿವೇಚನೆಯೇ ಹೊರತು ಸರ್ವತ್ರ ಸಲ್ಲುವ ನಿಯಮವಲ್ಲ. ಜಾಂಬಿಯಾ ದೇಶದ ಚಿಂಗೋಲಾ ಪ್ರದೇಶದಲ್ಲಿ, ತಾಮ್ರದ ಗಣಿಯಿಂದ ಹರಿದ ವಿಷಜಲದಿಂದ ತಮ್ಮ ಹೊಳೆಯೂ ಹೊಲಗಳೂ ಕೆಟ್ಟವೆಂದು ಆರೋಪಿಸಿ 1,826 ಮಂದಿ ಗ್ರಾಮಸ್ಥರು, ಗಣಿಯ ಕಂಪನಿಯ ಮೇಲೂ ಅದರ ಒಡೆತನ ಹೊಂದಿದ್ದ, ಇಂಗ್ಲೆಂಡಿನಲ್ಲಿ ನೋಂದಾಯಿತವಾದ ವೇದಾಂತ ಕಂಪನಿಯ ಮೇಲೂ ಇಂಗ್ಲೆಂಡಿನಲ್ಲಿಯೇ ದಾವೆ ಹೂಡಿದರು. ಸಹಜವಾಗಿ ವಿಚಾರಣೆ ನಡೆಯಬೇಕಾದ ಸ್ಥಳ ಜಾಂಬಿಯಾವೇ ಆದರೂ, ಬಡ ವಾದಿಗಳಿಗೆ ಅಲ್ಲಿ ಧನಬಲವಾಗಲಿ ಇಂತಹ ಮೊಕದ್ದಮೆಯಲ್ಲಿ ನುರಿತ ವಕೀಲರಾಗಲಿ ದೊರೆಯುವಂತಿಲ್ಲವಾಗಿ, ಇಂಗ್ಲೆಂಡಿನಲ್ಲಿಯೇ ದಾವೆ ಮುಂದುವರಿಯಬಹುದೆಂದು 2019ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಅಪ್ಪಣೆಕೊಟ್ಟಿತು.

ಅಂಗಸಂಸ್ಥೆಯ ತಪ್ಪಿಗೆ ಮಾತೃಸಂಸ್ಥೆ ಎಂದಿಗೂ ಹೊಣೆಯಲ್ಲವೆಂಬುದು ಮತ್ತೊಂದು ಮಾತು, ಇದು ಅರ್ಧಸತ್ಯ. ಕೇವಲ ಷೇರುಗಳ ಒಡೆತನದಿಂದ ಹೊಣೆ ಹುಟ್ಟುವುದಿಲ್ಲ, ನಿಜ. ಆದರೆ ಮಾತೃಸಂಸ್ಥೆಯೇ ಅಂಗಸಂಸ್ಥೆಯ ಕಾರ್ಯವನ್ನು ನಿಯಂತ್ರಿಸುತ್ತಿದ್ದರೆ, ಅಥವಾ ಹಾಗೆ ಮೇಲ್ವಿಚಾರಣೆ ಮಾಡುತ್ತಿರುವೆನೆಂದು ಲೋಕಕ್ಕೆ ಸಾರಿಕೊಂಡಿದ್ದರೆ, ಎಚ್ಚರಿಕೆ ವಹಿಸಬೇಕಾದ ಕರ್ತವ್ಯವು ಅದರ ಮೇಲೂ ಬೀಳಬಹುದು. ಪರಿಸರ ರಕ್ಷಣೆಯ ಮಾನದಂಡಗಳನ್ನು ತಾನೇ ವಿಧಿಸಿ ಪಾಲಿಸುವಂತೆ ನೋಡಿಕೊಳ್ಳುತ್ತಿರುವೆನೆಂದು ವೇದಾಂತವು ಪ್ರಕಟಿಸಿದ್ದ ವರದಿಯನ್ನೇ ನ್ಯಾಯಾಲಯವು ಮುಖ್ಯವಾಗಿ ಗಮನಿಸಿತು. ಕೀರ್ತಿಗೆಂದು ಬರೆದುದು ವಿರೋಧಿಯ ಕೈಗೆ ಸಾಕ್ಷ್ಯವಾಗಿ ಸಿಕ್ಕಿತೆಂದರೆ ತಪ್ಪಾಗದು.

ವಿಶ್ವಸಂಸ್ಥೆಯ ನಿಯಮಗಳಿರುವಾಗ ಇಷ್ಟು ಪರದಾಟವೇತಕ್ಕೆ ಎನ್ನುವವರುಂಟು. ಆದರೆ 2011ರಲ್ಲಿ ಅದರ ಮಾನವ ಹಕ್ಕು ಮಂಡಲಿಯು ಉದ್ಯಮಗಳ ಕುರಿತು ಅಂಗೀಕರಿಸಿದ ಮಾರ್ಗದರ್ಶಿ ತತ್ತ್ವಗಳು ಹಿತೋಕ್ತಿಗಳೇ ಹೊರತು ದಂಡಶಕ್ತಿಯುಳ್ಳ ಶಾಸನವಲ್ಲ. ಫ್ರಾನ್ಸ್ ದೇಶವಾದರೋ 2017ರಲ್ಲಿ ತನ್ನ ದೊಡ್ಡ ಕಂಪನಿಗಳಿಗೆ, ಹೊರದೇಶದ ಅಂಗಸಂಸ್ಥೆಗಳಿಂದಾಗಬಹುದಾದ ಅನಾಹುತಗಳನ್ನು ಗುರುತಿಸಿ ತಡೆಯುವ ಯೋಜನೆಯನ್ನು ಕಾನೂನಿನ ಮೂಲಕವೇ ಕಡ್ಡಾಯಗೊಳಿಸಿತು.

ಇನ್ನು, ದಾವೆಯನ್ನು ನಡೆಸಲು ಸಿಕ್ಕ ಅಪ್ಪಣೆಯನ್ನೇ ಗೆಲವೆಂದು ಪತ್ರಿಕೆಗಳು ಸಾರುವುದುಂಟು. ಚಿಂಗೋಲಾದ ಮೊಕದ್ದಮೆಯಲ್ಲಿ ಯಾರದು ತಪ್ಪೆಂಬ ತೀರ್ಪು ಬರಲೇ ಇಲ್ಲ. ಕಂಪನಿಗಳು ಹೊಣೆಯನ್ನು ಒಪ್ಪಿಕೊಳ್ಳದೆಯೇ 2021ರಲ್ಲಿ ರಾಜಿ ಮಾಡಿಕೊಂಡವು.