ಸಮ್ಮಿಲನ ಸ್ಥಾವರದ ಒಳಗೋಡೆ: ತಯಾರಕರು ಗಮನಿಸಬೇಕಾದ ಸಂಗತಿ

ಪರಮಾಣು ಸಮ್ಮಿಲನದಿಂದ ವಿದ್ಯುತ್ ಪಡೆಯುವ ಪ್ರಯತ್ನಗಳನ್ನು ಕುರಿತ ವರದಿಗಳಲ್ಲಿ 15 ಕೋಟಿ ಡಿಗ್ರಿ ಉಷ್ಣತೆಯ ಪ್ಲಾಸ್ಮಾದ ವರ್ಣನೆಯೇ ಪ್ರಧಾನವಾಗಿರುತ್ತದೆ. ಆ ಬೆಂಕಿಗೆ ಎದುರಾಗಿ ನಿಲ್ಲಬೇಕಾದ ಗೋಡೆಯನ್ನು ಯಾವ ಲೋಹದಿಂದ, ಹೇಗೆ ತಯಾರಿಸುತ್ತಾರೆಂಬ ವಿಚಾರ ಹಿನ್ನೆಲೆಗೆ ಸರಿಯುತ್ತದೆ. ಕಾರ್ಖಾನೆ ನಡೆಸುವವರಿಗಾದರೋ ಅದೇ ಮೊದಲ ಪ್ರಶ್ನೆ.

ಭಾರತವೂ ಸೇರಿ ಏಳು ಪಾಲುದಾರರು ಫ್ರಾನ್ಸಿನ ಕದರಾಶ್‌ನಲ್ಲಿ ನಿರ್ಮಿಸುತ್ತಿರುವ ‘ಈಟರ್’ ಸ್ಥಾವರವನ್ನೇ ನೋಡೋಣ. ಕಾಂತಕ್ಷೇತ್ರವು ಪ್ಲಾಸ್ಮಾವನ್ನು ಗೋಡೆಯಿಂದ ದೂರವಿರಿಸುತ್ತದೆ, ನಿಜ. ಆದರೆ ಒಳಗೆ ಸೇರಿದ ಶಾಖ ಎಲ್ಲಿಯಾದರೂ ಹೊರಬೀಳಲೇಬೇಕಲ್ಲವೇ? ಅದಕ್ಕಾಗಿ ಪಾತ್ರೆಯ ತಳದಲ್ಲಿ 54 ಭಾಗಗಳುಳ್ಳ ‘ಡೈವರ್ಟರ್’ ಎಂಬ ಬಳೆಯಾಕಾರದ ರಚನೆಯಿದೆ. ಶಾಖವು ಅದರ ಮೇಲೆ ಹರಡಿಕೊಳ್ಳದೆ ಕಿರಿದಾದ ಪಟ್ಟಿಗಳಲ್ಲಿ ಬಂದು ಬೀಳುತ್ತದೆ. ಇಲ್ಲಿ ಪ್ರತಿ ಚದರ ಮೀಟರಿಗೆ ನಿರಂತರವಾಗಿ 10 ಮೆಗಾವ್ಯಾಟ್, ಅಲ್ಪಾವಧಿಗೆ 20 ಮೆಗಾವ್ಯಾಟ್ ತಾಳುವ ಸಾಮರ್ಥ್ಯ ಬೇಕು. ಒಂದು ಕಿಲೋವ್ಯಾಟ್ ಇಸ್ತ್ರಿ ಪೆಟ್ಟಿಗೆಯ ಇಡೀ ಶಾಖವನ್ನು ಬೆರಳಿನ ಉಗುರಿನಷ್ಟು ಜಾಗಕ್ಕೆ ಸುರಿದರೆ ಎಷ್ಟೋ, ಮೊದಲನೆಯ ಅಂಕಿಯ ಅರ್ಥ ಅಷ್ಟು.

ಆಯ್ಕೆಯಾದ ಲೋಹ ಟಂಗ್‌ಸ್ಟನ್. ಟಿಗ್ ವೆಲ್ಡಿಂಗ್ ಮಾಡುವವರಿಗೆ ಅದರ ಪರಿಚಯ ಇದ್ದೇ ಇದೆ. ಕರಗುವ ಬಿಂದು 3,422 ಡಿಗ್ರಿ ಸೆಲ್ಸಿಯಸ್. ಆದರೆ ಲೋಹ ಕರಗದಿದ್ದ ಮಾತ್ರಕ್ಕೆ ಸಮಸ್ಯೆ ಮುಗಿಯದು. ಶಾಖವನ್ನು ನೀರಿಗೆ ದಾಟಿಸಬೇಕು. ಅದಕ್ಕೆಂದು ಟಂಗ್‌ಸ್ಟನ್ ಬಿಲ್ಲೆಗಳಿಗೆ ರಂಧ್ರ ಕೊರೆದು, ತಾಮ್ರ-ಕ್ರೋಮಿಯಂ-ಜಿರ್ಕೋನಿಯಂ ಮಿಶ್ರಲೋಹದ ಕೊಳವೆಯನ್ನು ಮಣಿಗಳಿಗೆ ದಾರ ಪೋಣಿಸಿದಂತೆ ತೂರಿಸುತ್ತಾರೆ. ಇಕ್ಕಟ್ಟು ಇರುವುದೇ ಇಲ್ಲಿ. ಬಿಸಿಯಾದಾಗ ತಾಮ್ರವು ಟಂಗ್‌ಸ್ಟನ್‌ಗಿಂತ ಹೆಚ್ಚುಕಡಿಮೆ ನಾಲ್ಕು ಪಟ್ಟು ಹಿಗ್ಗುತ್ತದೆ. ಆ ಎಳೆದಾಟವನ್ನು ನುಂಗಿಕೊಳ್ಳಲು ನಡುವೆ ಮೃದುವಾದ ಶುದ್ಧ ತಾಮ್ರದ ಪದರವಿರುತ್ತದೆ. ಜೋಡಣೆಯಲ್ಲಿ ಕೂದಲೆಳೆಯಷ್ಟು ಸಂದು ಉಳಿದರೂ ಅಲ್ಲಿ ಶಾಖ ದಾಟದೆ ಬಿಲ್ಲೆ ಕಾದು ಬಿರಿಯಬಹುದು. ಆದ್ದರಿಂದ ಮಾದರಿಗಳನ್ನು 10 ಮೆಗಾವ್ಯಾಟ್ ಹೊರೆಯಲ್ಲಿ 5,000 ಬಾರಿ, 20ರಲ್ಲಿ 300 ಬಾರಿ ಕಾಯಿಸಿ ತಣಿಸಿ ಪರೀಕ್ಷಿಸುವ ನಿಯಮವಿದೆ.

ಅಳತೆಯ ಕಟ್ಟುನಿಟ್ಟೂ ಅಷ್ಟೇ. ಪಕ್ಕದ ಬಿಲ್ಲೆಗಿಂತ ತುಸು ಮೇಲೆದ್ದ ಅಂಚಿಗೆ ಪ್ಲಾಸ್ಮಾ ನೇರವಾಗಿ ಬಡಿಯುತ್ತದೆ. ಅದನ್ನು ತಪ್ಪಿಸಲು ಬಿಲ್ಲೆಯ ಮುಖವನ್ನು ಅರ್ಧ ಮಿಲಿಮೀಟರಿನಷ್ಟು ಇಳಿಜಾರಾಗಿ ಕತ್ತರಿಸುತ್ತಾರೆ.

ಡೈವರ್ಟರ್‌ನಿಂದಾಚೆಯ ಒಳಗೋಡೆಗೆ ಮೊದಲು ಬೆರಿಲಿಯಂ ಹೊದಿಕೆ ನಿಗದಿಯಾಗಿತ್ತು. ಅದು 1,287 ಡಿಗ್ರಿಗೇ ಕರಗುತ್ತದೆ, ದೂಳು ವಿಷಕಾರಿ. 2023ರಲ್ಲಿ ಅಲ್ಲಿಯೂ ಟಂಗ್‌ಸ್ಟನ್ ಬಳಸುವ ತೀರ್ಮಾನಕ್ಕೆ ಬರಲಾಯಿತು. ಇಷ್ಟು ತಡವಾಗಿ ಬದಲಾದ ವಿನ್ಯಾಸದ ಬೆಲೆಯೇನೆಂದು ಅಚ್ಚು ಮಾಡಿಸಿಟ್ಟುಕೊಂಡವರು ಊಹಿಸಬಲ್ಲರು!

ಸಮ್ಮಿಲನದ ಶಕ್ತಿಯಲ್ಲಿ ಶೇ. 80ರಷ್ಟನ್ನು ಹೊತ್ತೊಯ್ಯುವ ನ್ಯೂಟ್ರಾನುಗಳು ಕಾಂತಕ್ಕೆ ಸಿಗುವುದಿಲ್ಲ, ಗೋಡೆಯೊಳಕ್ಕೇ ನುಗ್ಗುತ್ತವೆ. ಅವನ್ನು ತಡೆಯಲು ನಿರ್ವಾತ ಪಾತ್ರೆಯ ಇಬ್ಬದಿಯ ಗೋಡೆಗಳ ನಡುವೆ ತುಂಬುವ ಸುಮಾರು 9,000 ಉಕ್ಕಿನ ದಿಮ್ಮಿಗಳು ಭಾರತದ ಪಾಲಿನ ಸಾಮಗ್ರಿ. ಅವನ್ನು ತಯಾರಿಸಿದ್ದು ಬೆಂಗಳೂರಿನ ಅವಸರಾಲ ಟೆಕ್ನಾಲಜೀಸ್ ಎಂಬುದು ನಮ್ಮ ರಾಜ್ಯದ ಉದ್ಯಮಿಗಳಿಗೆ ತಿಳಿದಿರಬೇಕು.

ಹಾಗೆಂದು ಇದನ್ನು ನಂಬಿ ಯಂತ್ರ ಕೊಳ್ಳಬೇಕೆಂದು ಈ ಲೇಖಕನ ಸಲಹೆಯಲ್ಲ. 2024ರ ಪರಿಷ್ಕೃತ ವೇಳಾಪಟ್ಟಿಯಂತೆ ಈಟರ್‌ನ ಸಂಶೋಧನಾ ಕಾರ್ಯ ಆರಂಭವಾಗುವುದು 2034ರಲ್ಲಿ, ನಿಜವಾದ ಇಂಧನ ಬಳಕೆ 2039ರಲ್ಲಿ. ಬೇಡಿಕೆ ಅಲ್ಪ, ತಪಾಸಣೆ ಅಪಾರ. ಆದರೆ ಭಿನ್ನ ಲೋಹಗಳ ಜೋಡಣೆ, ಶ್ರವಣಾತೀತ ಪರೀಕ್ಷೆ, ಪ್ರತಿ ತುಂಡಿನ ದಾಖಲೆ ಇವುಗಳಲ್ಲಿ ಪಳಗಿದ ಘಟಕಕ್ಕೆ ವಿಮಾನ ಹಾಗೂ ಬಾಹ್ಯಾಕಾಶ ಕ್ಷೇತ್ರಗಳ ಕೆಲಸವೂ ದೂರವಲ್ಲ.

ವರ್ತಕರು ಗಮನಿಸಬೇಕಾದುದು ಮತ್ತೊಂದಿದೆ. ಜಗತ್ತಿನ ಗಣಿಗಳಿಂದ ಬರುವ ಟಂಗ್‌ಸ್ಟನ್‌ನಲ್ಲಿ ಸಿಂಹಪಾಲು ಚೀನಾದ್ದು. 2025ರ ಫೆಬ್ರವರಿಯಲ್ಲಿ ಅದರ ರಫ್ತಿನ ಮೇಲೆ ಚೀನಾ ನಿಯಂತ್ರಣ ಹೇರಿತು. ಆ ವರ್ಷ ದರವೂ ಏರಿತು. ಕಾರ್ಬೈಡ್ ಉಪಕರಣ ಕೊಳ್ಳುವ ಪ್ರತಿಯೊಂದು ಲೇತ್ ಘಟಕವೂ ಆ ಲೋಹದ ಗ್ರಾಹಕನೇ.