ಅಂಚಿನ ಗಣಕ ಮತ್ತು ಅಳತೆಯ ಮರ್ಯಾದೆ

ಕಳ್ಳನು ಮನೆಯೊಳಗೆ ನುಗ್ಗಿ ಒಡವೆಯನ್ನು ಕೊಂಡೊಯ್ದರೆ ಅದನ್ನು ಕಳವು ಎನ್ನುತ್ತೇವೆ. ಏನನ್ನೂ ಮುಟ್ಟದೆ, ಬಾಗಿಲಲ್ಲಿ ನೂರಾರು ಮಂದಿಯನ್ನು ತಂದು ನಿಲ್ಲಿಸಿ, ಮನೆಯವರೂ ನೆಂಟರೂ ಒಳಹೋಗದಂತೆ ಮಾಡಿದರೆ ಏನೆನ್ನಬೇಕು? ಗಣಕಲೋಕದಲ್ಲಿ ಇದಕ್ಕೆ ಸೇವಾನಿರಾಕರಣೆಯೆಂದು ಹೆಸರು. ಪತ್ರಿಕೆಗಳಲ್ಲಿ ಕಾಣುವ ‘ಡಿನಯಲ್ ಆಫ್ ಸರ್ವಿಸ್’ ಎಂಬ ಮಾತು ಇದೇ.

ನಾನಿರುವ ಗೊರಗುಂಟೆಪಾಳ್ಯದವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ತುಮಕೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವ ಸ್ಥಳ ನಮ್ಮದು. 2021ರ ಡಿಸೆಂಬರಿನಲ್ಲಿ ಪೀಣ್ಯದ ಮೇಲುಸೇತುವೆಯ ಕೇಬಲ್ಲುಗಳಲ್ಲಿ ದೋಷ ಕಂಡುಬಂದು ಅದನ್ನು ಮುಚ್ಚಿದಾಗ, ಮೇಲೆ ಹೋಗುತ್ತಿದ್ದ ವಾಹನಗಳೆಲ್ಲ ಕೆಳಗಿನ ರಸ್ತೆಗೆ ಇಳಿದುವು. ಆ ರಸ್ತೆ ಕುಸಿದಿರಲಿಲ್ಲ, ಅದನ್ನು ಯಾರೂ ಅಡ್ಡಗಟ್ಟಿರಲಿಲ್ಲ. ಆದರೆ ಅಂಥ ದಟ್ಟಣೆಯಲ್ಲಿ ಸಿಕ್ಕಿಕೊಂಡ ಆಂಬುಲೆನ್ಸಿನ ರೋಗಿಯ ಪಾಲಿಗೆ ರಸ್ತೆ ಇದ್ದೂ ಇಲ್ಲದಂತೆಯೇ ಸರಿ. ಅಲ್ಲಿ ಯಾರ ದುರುದ್ದೇಶವೂ ಇರಲಿಲ್ಲ. ಇಂಥ ದಟ್ಟಣೆಯನ್ನು ಬೇಕೆಂದೇ ಉಂಟುಮಾಡಿದರೆ ಅದು ದಾಳಿಯಾಗುತ್ತದೆ.

ಅಂಥದೊಂದು ದಾಳಿ ನಮ್ಮ ರಾಜ್ಯದಲ್ಲೇ ನಡೆಯಿತು. ಆಸ್ತಿಪತ್ರಗಳ ನೋಂದಣಿಗಾಗಿ ನೋಂದಣಿ ಮತ್ತು ಮುದ್ರಾಂಕ ಇಲಾಖೆಯು 2023ರಲ್ಲಿ ‘ಕಾವೇರಿ 2.0’ ಎಂಬ ವ್ಯವಸ್ಥೆಯನ್ನು ತಂದಿತಷ್ಟೆ. 2025ರ ಜನವರಿಯಲ್ಲಿ ಯಾರೋ ಸುಳ್ಳು ಖಾತೆಗಳನ್ನು ತೆರೆದು, ಋಣಭಾರ ಪತ್ರವನ್ನು ಹುಡುಕುವ ನೆಪದಲ್ಲಿ ಅದರ ಮೇಲೆ ಕೋರಿಕೆಗಳ ಮಳೆ ಸುರಿಸಿದರು. ಎರಡೇ ಗಂಟೆಗಳಲ್ಲಿ 6.2 ಲಕ್ಷ ಹುಸಿ ಕೋರಿಕೆಗಳು ಬಂದುವೆಂದು ವರದಿಯಾಯಿತು. ಉಪನೋಂದಣಾಧಿಕಾರಿಗಳ ಕಚೇರಿಗಳಲ್ಲಿ ಕೆಲಸ ಕುಂಟಿತು. ಫೆಬ್ರವರಿಯಲ್ಲಿ ಪೊಲೀಸರಿಗೆ ದೂರು ಹೋಯಿತು. ನಿವೇಶನವನ್ನು ಕೊಳ್ಳಲು ಸಾಲ ಎತ್ತಿದವನಿಗೆ, ಮಗಳ ಮದುವೆಗೆಂದು ತುಂಡು ಹೊಲವನ್ನು ಮಾರಹೊರಟವನಿಗೆ, ನೋಂದಣಿ ಒಂದು ದಿನ ತಪ್ಪಿದರೂ ಆಗುವ ಸಂಕಟವನ್ನು ಬೇರೆ ಹೇಳಬೇಕೆ?

ಇದು ಹಲವು ಸಣ್ಣ ಕೋರಿಕೆಗಳಿಂದ ಮಾಡಿದ ದಾಳಿ. ಒಂದೇ ದೊಡ್ಡ ಸಂದೇಶದಿಂದಲೂ ಇದೇ ಫಲವನ್ನು ಪಡೆಯಬಹುದು. ಅದಕ್ಕೆ ಆಸ್ಪದ ಕೊಡುವುದು ತಂತ್ರಾಂಶವನ್ನು ಬರೆದವರ ಒಂದು ಸಣ್ಣ ಮರೆವು. ಅದರ ಒಳ್ಳೆಯ ನಿದರ್ಶನವೊಂದು ‘ಅಂಚಿನ ಗಣನೆ’ಯ ಕ್ಷೇತ್ರದಲ್ಲಿ ಸಿಗುತ್ತದೆ.

ಅಂಚಿನ ಗಣನೆ ಎಂದರೇನು? ಪೀಣ್ಯದ ಯಾವುದಾದರೊಂದು ಕಾರ್ಖಾನೆಯ ಲೇತ್ ಯಂತ್ರವನ್ನು ಊಹಿಸಿಕೊಳ್ಳಿ. ಯಂತ್ರದ ಅದುರಾಟ ಹೆಚ್ಚಿದೊಡನೆ ಅದನ್ನು ನಿಲ್ಲಿಸಬೇಕು. ಈ ಸುದ್ದಿ ದೂರದ ಗಣಕಕೇಂದ್ರಕ್ಕೆ ಹೋಗಿ, ಅಲ್ಲಿಂದ ಅಪ್ಪಣೆ ಮರಳಿ ಬರುವಷ್ಟರಲ್ಲಿ ಉಳಿ ಮುರಿದಿರಬಹುದು. ನಡುವೆ ಸಂಪರ್ಕವೇ ಕಡಿದಿರಬಹುದು. ಆದ್ದರಿಂದ ಯಂತ್ರದ ಮಗ್ಗುಲಲ್ಲೇ ಒಂದು ಪುಟ್ಟ ಗಣಕವನ್ನಿಟ್ಟು ತೀರ್ಮಾನವನ್ನು ಅಲ್ಲಿಯೇ ಮಾಡಿಸುತ್ತಾರೆ. ಜಾಲದ ಕೇಂದ್ರದಲ್ಲಿರದೆ ಅಂಚಿನಲ್ಲಿರುವುದರಿಂದ ಈ ಹೆಸರು.

ಇಂಥ ಅಂಚಿನ ಗಣಕಗಳನ್ನೆಲ್ಲ ಒಂದು ಕೇಂದ್ರದಿಂದ ನಿರ್ವಹಿಸುವ ತಂತ್ರಾಂಶಗಳಲ್ಲಿ ‘ಕ್ಯೂಬ್‌ಎಡ್ಜ್’ ಒಂದು. ಹುವಾವೆ ಸಂಸ್ಥೆಯಲ್ಲಿ ಹುಟ್ಟಿ, 2019ರಲ್ಲಿ ಕ್ಲೌಡ್ ನೇಟಿವ್ ಕಂಪ್ಯೂಟಿಂಗ್ ಫೌಂಡೇಷನ್ನಿನ ಆಶ್ರಯಕ್ಕೆ ಬಂದ ಮುಕ್ತ ತಂತ್ರಾಂಶವಿದು. ಮುಕ್ತವೆಂದರೆ ಅದರ ಮೂಲಪಾಠವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. 2022ರಲ್ಲಿ ಸ್ವತಂತ್ರ ಪರೀಕ್ಷಕರು ಈ ಮೂಲಪಾಠವನ್ನು ಸಾಲುಸಾಲಾಗಿ ಶೋಧಿಸಿದಾಗ ಹಲವು ಕಡೆ ಒಂದೇ ಜಾತಿಯ ದೋಷ ಕಂಡಿತು. ಬಂದ ಸಂದೇಶವನ್ನು ಅದು ಇಡಿಯಾಗಿ ಸ್ಮೃತಿಕೋಶಕ್ಕೆ ತುಂಬಿಕೊಳ್ಳುತ್ತಿತ್ತು. ಸಂದೇಶ ಎಷ್ಟು ದೊಡ್ಡದೆಂದು ಕೇಳುತ್ತಲೇ ಇರಲಿಲ್ಲ.

ಒಬ್ಬ ಗುಮಾಸ್ತನಿದ್ದಾನೆನ್ನಿ. ಬಂದ ಅರ್ಜಿಯ ಹಾಳೆಗಳನ್ನೆಲ್ಲ ಮೇಜಿನ ಮೇಲೆ ಪೇರಿಸಿಕೊಂಡ ಮೇಲೆಯೇ ಓದತೊಡಗುವುದು ಅವನ ಪದ್ಧತಿ. ಯಾರೋ ಒಂದು ಲಾರಿಯಷ್ಟು ಹಾಳೆಗಳ ಅರ್ಜಿಯನ್ನು ತಂದರೆ? ಮೇಜು ಮುಚ್ಚಿ, ಗುಮಾಸ್ತನೂ ಮುಚ್ಚಿಹೋಗುತ್ತಾನೆ. ಹಿಂದೆ ಸಾಲಿನಲ್ಲಿ ನಿಂತವರ ಕೆಲಸ ಕೆಡುತ್ತದೆ. ಸ್ಮೃತಿಕೋಶ ತುಂಬಿದಾಗ ಕ್ಯೂಬ್‌ಎಡ್ಜಿನ ಕೇಂದ್ರಭಾಗಕ್ಕೆ ಒದಗಬಹುದಾಗಿದ್ದ ಗತಿ ಇದೇ. ಅಂಚಿನ ಗಣಕಗಳು ತಮಗೆ ಗೊತ್ತಿದ್ದ ಕೆಲಸವನ್ನು ಮುಂದುವರಿಸಿಯಾವು. ಆದರೆ ಕೇಂದ್ರದಿಂದ ಹೊಸ ಅಪ್ಪಣೆ ಬಾರದು. ಅಲ್ಲಿಗೆ ಸುದ್ದಿ ಮುಟ್ಟದು.

ಗಮನಿಸಬೇಕಾದ ಒಂದು ಅಂಶವುಂಟು. ಈ ದೋಷವನ್ನು ಹಾದಿಹೋಕನು ಬಳಸಿಕೊಳ್ಳುವಂತಿರಲಿಲ್ಲ. ವ್ಯವಸ್ಥೆಯೊಳಗೆ ಪ್ರವೇಶವನ್ನು ಪಡೆದವನಿಗೆ ಮಾತ್ರ ಅದು ಸಾಧ್ಯವಿತ್ತು. ‘ಕಾವೇರಿ’ಯಲ್ಲಿಯೂ ದಾಳಿಕಾರರು ಖಾತೆ ತೆರೆದು ಮುಂಬಾಗಿಲಿನಿಂದಲೇ ಬಂದರು. ಬಂದವನು ಯಾರೆಂದು ಕೇಳುವುದು ಸಾಲದು, ಎಷ್ಟು ಹೊತ್ತು ತಂದಿದ್ದಾನೆಂದೂ ಕೇಳಬೇಕು. ಪರಿಹಾರವೂ ಅಲ್ಲಿಯೇ ಇದೆ: ಒಂದು ಸಂದೇಶ ಇಷ್ಟು ಗಾತ್ರವನ್ನು ಮೀರಬಾರದು, ಒಬ್ಬನು ಇಷ್ಟು ಹೊತ್ತಿನಲ್ಲಿ ಇಷ್ಟಕ್ಕಿಂತ ಹೆಚ್ಚು ಕೋರಿಕೆಗಳನ್ನು ಕಳುಹಿಸಬಾರದು ಎಂಬ ಮಿತಿ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದ ನಮ್ಮ ಹಿರಿಯರ ವಿವೇಕಕ್ಕೆ ಇದು ದೂರವಾದುದಲ್ಲ.

ಕ್ಯೂಬ್‌ಎಡ್ಜಿನವರು ದೋಷವನ್ನು ಮುಚ್ಚಿಡಲಿಲ್ಲ. 2022ರ ಜುಲೈನಲ್ಲಿ ಅದನ್ನು ಪ್ರಕಟಿಸಿದರು; 1.11.1, 1.10.2 ಮತ್ತು 1.9.4 ಎಂಬ ಆವೃತ್ತಿಗಳಲ್ಲಿ ತಿದ್ದುಪಡಿಯನ್ನೂ ಕೊಟ್ಟರು. ಹಸ್ತಪ್ರತಿಯನ್ನು ಪೆಟ್ಟಿಗೆಯಲ್ಲಿಟ್ಟು ಪೂಜಿಸಿದರೆ ಅದರ ತಪ್ಪುಗಳೂ ಪೂಜೆಗೊಳ್ಳುತ್ತವೆ. ಹತ್ತು ಜನರ ಕೈಗೆ ಕೊಟ್ಟರೆ ಪಾಠ ಶುದ್ಧವಾಗುತ್ತದೆ. ಗ್ರಂಥಸಂಪಾದನೆಯ ಈ ಮಾತು ತಂತ್ರಾಂಶಕ್ಕೂ ಒಪ್ಪುತ್ತದೆ. ಆದರೆ ತಿದ್ದಿದ ಪ್ರತಿ ಬಂದ ಮೇಲೂ ಹಳೆಯದನ್ನೇ ಓದುವವರುಂಟು. ದೋಷದ ವಿವರ ಆಗ ಎಲ್ಲರಿಗೂ ತಿಳಿದಿರುವುದರಿಂದ ಹಳೆಯ ಆವೃತ್ತಿಯನ್ನು ಉಳಿಸಿಕೊಂಡವರಿಗೆ ಅಪಾಯ ಹೆಚ್ಚು. ತಿದ್ದುಪಡಿಯನ್ನು ಬರೆದವರ ಹೊಣೆ ಅಲ್ಲಿಗೆ ಮುಗಿಯುತ್ತದೆ. ಅದನ್ನು ಅಳವಡಿಸುವ ಹೊಣೆ ಬಳಸುವವರದು.

‘ಮರ್ಯಾದೆ’ ಎಂಬ ಪದವನ್ನು ನಾವು ಗೌರವವೆಂಬ ಅರ್ಥದಲ್ಲಿ ಬಳಸುತ್ತೇವೆ. ಸಂಸ್ಕೃತದಲ್ಲಿ ಅದರ ಮೂಲಾರ್ಥ ಎಲ್ಲೆ, ಮೇರೆ. ಎಲ್ಲರನ್ನೂ ಗೌರವದಿಂದ ಕಾಣಬೇಕಾದ ಸಾರ್ವಜನಿಕ ಸೇವೆಯು ಯಾರಿಂದ ಎಷ್ಟನ್ನು ಸ್ವೀಕರಿಸಬೇಕೆಂಬ ಮೇರೆಯನ್ನು ಮೊದಲು ಹಾಕಿಕೊಳ್ಳಬೇಕು. ಆಗ ಸಾಲಿನ ಕೊನೆಯಲ್ಲಿ ನಿಂತವನ ಸರದಿಯೂ ಬರುತ್ತದೆ.